ಬಿಜಲಿಯ ಚೊಚ್ಚಲು, ನನ್ನದೂ ಚೊಚ್ಚಲು

“ಎಷ್ಟು ಹೆರಿಗಿ ಮಾಡಿಸೀದಿ ಬೇಟಿ?” ಎಂದು ಖಾಲಾ ಕೇಳಿದಾಗ ನಾನು ಅವರ ಆಡಿನ ಬಾಯಿ ಬಿಡಿಸಿ ಹಲ್ಲು ನೋಡುತ್ತಿದ್ದೆ. ತಲೆ ಎತ್ತದೆಯೇ “ಬಹಳ ಆಗ್ಯಾವ್ರಿ” ಎಂದುಬಿಟ್ಟೆ.

ಆಗಿದ್ದು ಒಂದೂ ಇಲ್ಲ. ಬೀದರಿನ ತರಬೇತಿಯಲ್ಲಿ ಗೋಣಿಚೀಲದೊಳಗೆ ಬಟ್ಟೆಯ ಮರಿ ಇಟ್ಟು, ನಮ್ಮ ಕಣ್ಣಿಗೆ ಓಢಣಿ ಕಟ್ಟಿ, ಕೈ ಒಳಗೆ ಹಾಕಿಸಿ, “ಹೇಳಿ, ಇದು ಮುಂಗಾಲೋ ಹಿಂಗಾಲೋ?” ಎಂದು ಕೇಳುತ್ತಿದ್ದರು. ಆ ಚೀಲದಿಂದ ನಾನು ಹನ್ನೊಂದು ಸಲ ಮರಿ ಹೊರಗೆ ತೆಗೆದಿದ್ದೆ. ಖಾಲಾ ಅವರಿಗೆ ಉತ್ತರ ಕೊಡುವಾಗ ಮನಸ್ಸಿನೊಳಗೆ ಆ ಹನ್ನೊಂದನ್ನೇ ಎಣಿಸಿಕೊಂಡು ಸಮಾಧಾನ ಮಾಡಿಕೊಂಡೆ. ಬಟ್ಟೆಯ ಮರಿಯೂ ಮರಿಯೇ ಅಲ್ಲವೇ?

ನನ್ನ ಊರು ಡಾಬಕಾ. ಹುಟ್ಟಿದ್ದೂ ಇಲ್ಲೇ, ಸೋದರಮಾವನ ಮಗನನ್ನು ಮದುವೆಯಾಗಿ ಸೊಸೆಯಾದದ್ದೂ ಇಲ್ಲೇ. ಎರಡು ಓಣಿ ದಾಟಿದರೆ ತವರು. ಮಹಿಳಾ ಸಂಘದವರು ನನ್ನನ್ನು ಪಶುಸಖಿ ಎಂದು ಆರಿಸಿ ತರಬೇತಿಗೆ ಕಳಿಸಿದ್ದರು. ಬಂದ ಮೇಲೆ ಆಡುಗಳಿಗೆ ಜಂತಿನ ಔಷಧಿ ಕುಡಿಸಿದೆ, ಗೊರಸು ಕತ್ತರಿಸಿದೆ, ಲಸಿಕೆಯ ದಿನ ಔರಾದಿನ ದನದ ಡಾಕ್ಟರ ಬೆನ್ನ ಹಿಂದೆ ಐಸ್ ಡಬ್ಬಿ ಹೊತ್ತು ತಿರುಗಿದೆ. ಹೆರಿಗೆಗೆ ಮಾತ್ರ ಯಾರೂ ಕರೆಯುತ್ತಿರಲಿಲ್ಲ. “ಮೊದಲು ಖಾಲಾನ ಬಿಜಲಿ ಹೆರಿಗಿ ಆಗ್ಲಿ, ನೋಡಾಮು. ಆಮ್ಯಾಲ ನಮ್ಮ ಆಡೂ ನಿನ್ನ ಕೈಯಾಗೇ ಕೊಡ್ತೇವಿ,” ಎಂದು ಸಂಘದ ಹೆಂಗಸರು ನೇರವಾಗಿಯೇ ಹೇಳಿದ್ದರು. ಹಾಗಾಗಿ ಇಡೀ ಊರಿನ ಕಣ್ಣು ಬಿಜಲಿಯ ಹೊಟ್ಟೆಯ ಮೇಲೆ, ಮತ್ತೆ ನನ್ನ ಕೈಯ ಮೇಲೆ.

ಬಿಜಲಿ ಖಾಲಾ ಅವರ ಸೊಸೆಯ ಆಡು. ಸೊಸೆ ಭಾಲ್ಕಿಯ ಹುಡುಗಿ. ಮದುವೆಯಾಗಿ ಬರುವಾಗ ಅವಳ ತಾಯಿ ಕೊಟ್ಟ ಮೂರು ತಿಂಗಳ ಮರಿಯನ್ನು ಬಸ್ಸಿನಲ್ಲಿ ತೊಡೆಯ ಮೇಲೆ ಕೂರಿಸಿಕೊಂಡು ತಂದಿದ್ದಳು. ಉಸ್ಮಾನಾಬಾದಿ ತಳಿ, ಮೈಯೆಲ್ಲ ಕಪ್ಪು, ಎಡಗಿವಿಯ ತುದಿಯಲ್ಲಿ ಮಾತ್ರ ಸುಣ್ಣ ಹಚ್ಚಿದಷ್ಟು ಬಿಳಿ. ಅದಕ್ಕೆ ಏನಾದರೂ ಆದರೆ ಅತ್ತೆಯ ಮನೆಯಲ್ಲಿ ತನ್ನದು ಎಂಬ ಒಂದು ಜೀವವೂ ಉಳಿಯುವುದಿಲ್ಲ ಎಂದು ಆ ಹುಡುಗಿ ನನ್ನ ಹತ್ತಿರ ಒಮ್ಮೆ ಹೇಳಿದ್ದಳು. ಹೇಳಿ, ನಾಚಿಕೊಂಡು ನಕ್ಕಿದ್ದಳು.

ಇನ್ನು ಖಾಲಾ. ಊರಿನ ದಾಯಿ. ಆಸ್ಪತ್ರೆಗೆ ಹೋಗುವ ರೂಢಿ ಬರುವ ಮೊದಲು ನಮ್ಮ ಊರಲ್ಲಿ ಹುಟ್ಟಿದ ಮಕ್ಕಳೆಲ್ಲ ಅವರ ಕೈಯಲ್ಲೇ ಕಣ್ಣು ಬಿಟ್ಟವರು. ನಾನೂ. ಈಗ ಬೆರಳು ಸೊಟ್ಟಗಾಗಿವೆ, ಕೈ ನಡುಗುತ್ತದೆ, ಚಹಾದ ಬಟ್ಟಲನ್ನು ಎರಡೂ ಕೈಯಲ್ಲಿ ಹಿಡಿಯುತ್ತಾರೆ. ಇಲ್ಲದಿದ್ದರೆ ನನ್ನಂಥವಳನ್ನು ಕೊಟ್ಟಿಗೆಯ ಹೊಸ್ತಿಲು ತುಳಿಯಲೂ ಬಿಡುತ್ತಿರಲಿಲ್ಲ. ಅಂಥವರ ಮುಂದೆ ನಾನು ಹೆರಿಗೆಯ ಸುಳ್ಳು ಹೇಳಿದ್ದೆ. ನನ್ನ ಬುದ್ಧಿಗೆ ಏನೆನ್ನಬೇಕೋ!

ಮೊದಲ ಜಗಳ ದಿನ ಎಣಿಸುವ ವಿಷಯಕ್ಕೆ ಆಯಿತು. ಹೋತದ ಹತ್ತಿರ ಬಿಜಲಿಯನ್ನು ಒಯ್ದ ದಿನದಿಂದ ನೂರೈವತ್ತು ದಿನ ಎಣಿಸಿ, ನಮ್ಮ ಮನೆಯ ಕ್ಯಾಲೆಂಡರಿನಲ್ಲಿ ಕೆಂಪು ಪೆನ್ನಿನಿಂದ ಗುಂಡು ಸುತ್ತಿ ಇಟ್ಟಿದ್ದೆ. ಖಾಲಾ ಕ್ಯಾಲೆಂಡರನ್ನು ತಿರುಗಿಯೂ ನೋಡಲಿಲ್ಲ.

“ಹೊಸ ಚಾಂದ್ ಕಂಡ ಮರುದಿನ ಹೋತದ ಕಡಿ ಒಯ್ದಿದ್ವಿ. ಐದು ಚಾಂದ್ ಆತಂದ್ರ ಹಾಕ್ತದ. ನಿನ್ನ ಗುಂಡಕ್ಕ ಅದು ಕಾಯ್ಕೋತ ಕೂಡಂಗಿಲ್ಲ.”

“ಚಾಂದ್ ಲೆಕ್ಕದಾಗ ಎರಡು ಮೂರು ದಿನ ಕಮ್ಮಿ ಬರ್ತದ್ರಿ ಖಾಲಾ.”

“ಅದಕ್ಕ ಹೇಳ್ಳಿಕತ್ತೀನಿ. ಎರಡು ಮೂರು ದಿನ ಮೊದಲೇ ತಯಾರಿರು.”

ನಾನು ತಲೆ ಆಡಿಸಿದೆ. ಗುಂಡು ಮಾತ್ರ ಅಳಿಸಲಿಲ್ಲ.

ಎರಡನೆಯ ಜಗಳ ಹಾಸಿಗೆಯದು. ಕೊಟ್ಟಿಗೆಯ ಒಂದು ಮೂಲೆಯನ್ನು ಗುಡಿಸಿ, ಗೋಡೆಗೆ ಸುಣ್ಣ ಬಳಿಸಿ, ನೆಲಕ್ಕೆ ತೊಗರಿ ಹೊಟ್ಟು ಹಾಸಿ ಎಂದು ನಾನು ಹೇಳಿದ್ದೆ. ಮೆತ್ತಗಿರುತ್ತದೆ, ನಮ್ಮ ಕಡೆ ಧಂಡಿಯಾಗಿ ಸಿಗುತ್ತದೆ. ಮರುದಿನ ಹೋಗಿ ನೋಡಿದರೆ ಹೊಟ್ಟು ಮಾಯ, ಅಲ್ಲಿ ಒಣಗಿದ ಜೋಳದೆಲೆಯ ರವದಿ, ಅದರ ಮೇಲೆ ಹಳೆಯ ಕೌದಿ. “ಹಸಿ ಮರಿ ಮೂಗಿಗಿ ಹೊಟ್ಟು ಹತ್ತತದ. ಉಸಿರು ಹ್ಯಾಂಗ ತಗೋಬೇಕು ಅದು?” ಎಂದರು ಖಾಲಾ. ಈ ಮಾತನ್ನು ನನಗೆ ಯಾರೂ ಹೇಳಿಕೊಟ್ಟಿರಲಿಲ್ಲ. ಮನೆಗೆ ಬಂದು ನೋಟ್‌ಬುಕ್ಕಿನಲ್ಲಿ ಬರೆದುಕೊಂಡೆ.

ಮನೆಯಲ್ಲಿ ನನ್ನದೊಂದು ಗುಪ್ತ ತಾಲೀಮು ನಡೆದಿತ್ತು. ಗಂಡನ ಹಳೆಯ ಪ್ಯಾಂಟಿನ ಬಟ್ಟೆಯಿಂದ ಮರಿ ಹೊಲಿದು, ಕಾಲಿನೊಳಗೆ ತೊಗರಿ ಕಟ್ಟಿಗೆಯ ತುಂಡು ಸೇರಿಸಿ, ಗೋಣಿಚೀಲಕ್ಕೆ ತುಂಬಿ, ಕಣ್ಣು ಮುಚ್ಚಿ ಕೈ ಹಾಕುತ್ತಿದ್ದೆ. ಗೊರಸಿನಿಂದ ಮೇಲಕ್ಕೆ ಹೋದಂತೆ ಎರಡು ಕೀಲು ಸಿಗುತ್ತವೆ. ಎರಡೂ ಒಂದೇ ಕಡೆಗೆ ಮಡಚಿದರೆ ಮುಂಗಾಲು, ಒಂದು ಆಚೆ ಒಂದು ಈಚೆ ಮಡಚಿದರೆ ಹಿಂಗಾಲು. ಅಡುಗೆಮನೆಯಿಂದ ಅತ್ತೆ ಕೂಗುತ್ತಿದ್ದರು: “ಏನವಾ, ಚೀಲಕ್ಕ ಇದು ಎಷ್ಟನೇ ಹೆರಿಗಿ? ಬಾಣಂತನಕ್ಕ ಖೊಬ್ರಿ ತರಸ್ಲೇನು?”

ಎಲ್ಲ ಸುಸೂತ್ರ ನಡೆದಿತ್ತು. ನಡುವೆ ಆ ಕುಬಸ ಬಂತು.

ನಾಲ್ಕು ತಿಂಗಳು ತುಂಬಿದ ಮೇಲೆ ಓಣಿಯ ಹೆಂಗಸರು ಸೊಸೆಯನ್ನು ಕಾಡಿಸತೊಡಗಿದರು: “ನಿನ್ನ ಮಗಳು ಬಸುರಿ ಅದಾಳ, ಕುಬಸ ಮಾಡಂಗಿಲ್ಲೇನ?” ಬಸುರಿಗೆ ಹಸಿರು ಬಳೆ ತೊಡಿಸಿ, ಬಯಸಿದ್ದೆಲ್ಲ ಉಣಿಸುವ ಕುಬಸಕ್ಕೆ ಖಾಲಾ ಅವರ ಮನೆಯಲ್ಲಿ ಸತ್ವಾಸಾ ಎನ್ನುತ್ತಾರೆ. ಹೆಸರು ಬೇರೆ, ಉಣಿಸುವ ಹುಚ್ಚು ಒಂದೇ. ತಮಾಷೆಗೆ ಶುರುವಾದ ಮಾತು ನಿಜವಾಗಿಯೇ ನಡೆದುಹೋಯಿತು. ಒಂದು ಮಧ್ಯಾಹ್ನ ಬಿಜಲಿಯನ್ನು ಅಂಗಳದ ಮಧ್ಯೆ ನಿಲ್ಲಿಸಿ, ಕೊಂಬಿಗೆ ಹಸಿರು ಗಾಜಿನ ಬಳೆ ಏರಿಸಿ, ಹಾಡು ಹೇಳಿ, ಒಬ್ಬೊಬ್ಬರಾಗಿ ಮನೆಯಿಂದ ತಂದದ್ದನ್ನು ತಿನ್ನಿಸಿದರು. ಒಬ್ಬರದು ಜೋಳದ ರೊಟ್ಟಿ, ಒಬ್ಬರದು ಶಿರಾ, ಒಬ್ಬರದು ನೆನೆಸಿದ ಕಡಲೆ, ಮತ್ತೊಬ್ಬರದು ಬೆಲ್ಲ ಕಲಸಿದ ಅನ್ನ. ಯಾರು ಕೊಟ್ಟಿದ್ದೂ ಒಂದೇ ತುತ್ತು. ಆದರೆ ತುತ್ತು ಕೊಟ್ಟವರು ಹದಿನೆಂಟು ಮಂದಿ. ಊರಿನ ಪಶುಸಖಿ ಏನು ಮಾಡುತ್ತಿದ್ದಳು ಎಂದು ಕೇಳಬೇಡಿ. ಅವಳು ಎಲ್ಲರಿಗಿಂತ ಜೋರಾಗಿ ಹಾಡುತ್ತ ಅರ್ಧ ಹೋಳಿಗೆ ತಿನ್ನಿಸಿದಳು.

ಸಂಜೆ ಸೊಸೆ ಓಡಿ ಬಂದಳು. ಬಿಜಲಿ ಮಲಗಿದೆ, ಹಲ್ಲು ಕಡಿಯುತ್ತಿದೆ, ಮೆಲುಕು ಹಾಕುತ್ತಿಲ್ಲ. ಹೋಗಿ ನೋಡಿದರೆ ಎಡಗಡೆಯ ಹೊಟ್ಟೆ ಬೆನ್ನಿನ ಮಟ್ಟಕ್ಕೆ ಉಬ್ಬಿ ನಿಂತಿತ್ತು. ಡಾಕ್ಟರಿಗೆ ಫೋನ್ ಮಾಡಿದೆ.

“ಎಡಗಡಿ ಬಟ್ಟಿಲೆ ಒತ್ತಿ ನೋಡ್ರಿ. ಡೊಳ್ಳಿನಂಗ ಅದನೋ, ತಗ್ಗು ಬೀಳ್ತದನೋ?”

“ನಾದಿದ ಹಿಟ್ಟು ಒತ್ತಿದಂಗ ತಗ್ಗು ಬೀಳ್ತದ್ರಿ ಸರ್.”

“ಏನ್ ತಿಂದದ?”

ನನ್ನ ಕಣ್ಣು ಬಿಜಲಿಯ ಕೊಂಬಿನ ಹಸಿರು ಬಳೆಯ ಮೇಲೆ ಹೋಯಿತು. ಅವರು ಮತ್ತೆ ಕೇಳಿದರು.

“ರೊಟ್ಟಿ, ಶಿರಾ, ಕಡಲಿ, ಅನ್ನ, ಹೋಳಿಗಿ… ಕುಬಸ ಇತ್ರಿ ಸರ್.”

“ಯಾರದು ಕುಬಸ?”

“ಆಡಿಂದ್ರಿ.”

“ಆಡಿಗಿ ಹೋಳಿಗಿ ಯಾರ್ ಹಾಕ್ಯಾರ್ರಿ?” ಎಂದರು ಡಾಕ್ಟರು. “ನಾನೇ ಅರ್ಧ ಹಾಕೀನ್ರಿ,” ಎಂದೆ. ಭೂಮಿ ಬಾಯಿ ಬಿಡಬಾರದೇ ಎನಿಸಿತು.

ಆದರೆ ಬೈಯುವುದನ್ನು ಅವರು ಆಮೇಲೆಗೆ ಇಟ್ಟುಕೊಂಡರು. ಎರಡು ಚಮಚ ಅಡುಗೆ ಸೋಡಾವನ್ನು ಅರ್ಧ ಲೀಟರ್ ಉಗುರುಬೆಚ್ಚಗಿನ ನೀರಿನಲ್ಲಿ ಕರಗಿಸಿ, ದವಡೆಯ ಸಂದಿಯಿಂದ ಗುಟುಕು ಗುಟುಕಾಗಿ ಕುಡಿಸಬೇಕು. ಮೂತಿ ಮೇಲಕ್ಕೆ ಎತ್ತಿದರೆ ನೀರು ಶ್ವಾಸಕೋಶಕ್ಕೆ ಹೋಗಿ ಅಲ್ಲಿಗೇ ಮುಗಿಯುತ್ತದೆ. ಕುಡಿಸಿ, ಹೊಟ್ಟೆಯ ಎಡಭಾಗವನ್ನು ಮುಷ್ಟಿಯಿಂದ ತಿಕ್ಕಿ, ನಿಲ್ಲಿಸಿ ನಡೆದಾಡಿಸಬೇಕು. ಸೊಸೆ ಹಗ್ಗ ಹಿಡಿದಳು, ನಾನು ಹಿಂದಿನಿಂದ ತಳ್ಳಿದೆ. ಮಸೀದಿಯ ತಿರುವಿನಿಂದ ಹಿಟ್ಟಿನ ಗಿರಣಿಯವರೆಗೆ ಕುಬಸದ ಬಸುರಿಯನ್ನು ಮೆರವಣಿಗೆ ಮಾಡಿದ್ದೇ ಮಾಡಿದ್ದು. ಆರನೆಯ ಸುತ್ತಿನಲ್ಲಿ ಬಿಜಲಿ ದೊಡ್ಡದಾಗಿ ತೇಗಿತು. ಆ ವಾಸನೆಗೆ ಸೊಸೆ ಮೂಗು ಮುಚ್ಚಿಕೊಂಡರೂ ಅವಳ ಮುಖ ಅರಳಿದ್ದು ನೋಡಬೇಕಿತ್ತು.

ಮರುದಿನ ಬೆಳಿಗ್ಗೆ ಡಾಕ್ಟರು ಬಂದು ಎರಡು ಸೂಜಿ ಹಾಕಿದರು. ಬಲಗಡೆಯ ಹೊಟ್ಟೆಗೆ ಅಂಗೈ ಇಟ್ಟು ಬಹಳ ಹೊತ್ತು ಕಾದರು. ಒಳಗಿನಿಂದ ಒದ್ದದ್ದು ನಮಗೂ ಕಂಡಿತು.

“ಮರಿ ಜೀವಂತ ಅದ. ಆದ್ರ ಚೊಚ್ಚಲ ಆಡು, ಶಕ್ತಿ ಕಳ್ಕೊಂಡದ. ಮೂರು ದಿನ ಒಣ ಮೇವು ಬಿಟ್ಟು ಏನೂ ಇಲ್ಲ. ಹೆರಿಗಿ ದಿನ ತಿಣಕಲಿಕ್ಕಿ ಕಸುವು ಸಾಲ್ತದೋ ಇಲ್ಲೋ. ನೀರಿನ ಚೀಲ ಒಡದು ಅರ್ಧ ತಾಸಿನಾಗ ಮರಿ ಬರಲಿಲ್ಲಂದ್ರ ಫೋನ್ ಮಾಡ್ರಿ. ನಾ ಬರ್ಲಿಕ್ಕಿ ಆಗ್ಲಿಲ್ಲಂದ್ರ ನೀವೇ ಕೈ ಹಾಕಿ ನೋಡ್ಬೇಕಾಗ್ತದ.” ನನ್ನ ಕಡೆ ತಿರುಗಿ ಕೇಳಿದರು, “ಮೊದಲು ಮಾಡೀರಲ್ಲ?”

ನಾನು ಬಾಯಿ ತೆರೆಯುವ ಮೊದಲೇ ಖಾಲಾ ಅಂದರು: “ಬಹಳ ಮಾಡ್ಯಾಳ್ರಿ ಸಾಹೇಬ್ರ.” ಅಂದು ನನ್ನನ್ನೇ ನೋಡಿದರು. ನಾನು ಬಿಜಲಿಯ ಕೊಂಬಿನ ಬಳೆ ತೆಗೆಯುವ ನೆಪದಲ್ಲಿ ಮುಖ ತಿರುಗಿಸಿದೆ.

ಹನ್ನೊಂದು ದಿನ ಕಳೆದವು. ಬಿಜಲಿ ಮೇವಿಗೆ ಬಾಯಿ ಹಾಕಿತು, ಮೆಲುಕು ಹಾಕಿತು, ಸ್ವಲ್ಪ ಸ್ವಲ್ಪವಾಗಿ ಮೈ ಹಿಡಿಯಿತು. ನಾನು ಒಂದು ಬುಟ್ಟಿಯಲ್ಲಿ ಎಲ್ಲ ಜೋಡಿಸಿಟ್ಟೆ: ಸಾಬೂನು, ಹೊಸ ಬ್ಲೇಡು, ಕುದಿಸಿ ಒಣಗಿಸಿದ ದಾರ, ಟಿಂಚರ್ ಅಯೋಡಿನ್, ಶೇಂಗಾ ಎಣ್ಣೆಯ ಬಾಟಲಿ, ಹಳೆಯ ಧೋತರದ ತುಂಡುಗಳು, ಸೂಜಿಯಿಲ್ಲದ ಸಿರಿಂಜು, ತೂಕದ ಕೊಕ್ಕೆ. ಕೆಂಪು ಗುಂಡಿಗೆ ಇನ್ನೂ ಮೂರು ದಿನ ಇದ್ದವು. ಔರಾದಿನಲ್ಲಿ ಪಶುಸಖಿಯರ ಸಭೆ ಇತ್ತು, ಹೋದೆ.

ಸಭೆಯಲ್ಲಿ ಚಹಾ ಬರುವ ಹೊತ್ತಿಗೆ ಸೊಸೆಯ ಫೋನ್. “ಅಕ್ಕಾ, ಮುಂಜಾನಿಂದ ನೆಲ ಕೆರೀತದ್ರಿ. ಕೂಡ್ತದ, ಏಳ್ತದ. ಬಾಲದ ಬಾಜೂಕ ಎರಡೂ ಕಡಿ ತಗ್ಗು ಬಿದ್ದದ. ಈಗ ನೀರ್ ಹೋತ್ರಿ!”

ಹಿಂದಿನಿಂದ ಖಾಲಾ ಅವರ ದನಿ ಕೇಳಿಸಿತು: “ಐದು ಚಾಂದ್ ಆತು ಅಂತ ಹೇಳು ಅಕೀಗಿ!”

ಚಹಾದ ಬಟ್ಟಲು ಬೆಂಚಿನ ಮೇಲೆಯೇ ಉಳಿಯಿತು. ಬಸ್ಸು ಹೊರಟು ಹೋಗಿತ್ತು. ಸೋಯಾಬೀನ್ ಚೀಲ ಹೇರಿದ್ದ ಒಂದು ಟಂಟಂ ಆಟೋ ಹತ್ತಿ, ಚೀಲಗಳ ಮೇಲೆ ಕುಳಿತೆ. ದಾರಿಯಲ್ಲಿ ಡಾಕ್ಟರಿಗೆ ಫೋನ್ ಮಾಡಿದರೆ, ಭಾಲ್ಕಿಯ ಆಚೆಯ ಹಳ್ಳಿಯಲ್ಲಿ ಲಸಿಕೆ ಹಾಕುತ್ತಿದ್ದಾರೆ, ಬರಲು ಎರಡು ತಾಸಾದರೂ ಬೇಕು. “ಕೈ ಸ್ವಚ್ಛ ತೊಳ್ಕೊಂಡು ನೋಡ್ರಿ. ಗಾಬರಿ ಆಗಬ್ಯಾಡ್ರಿ, ಮಾಡಿದವ್ರೇ ಇದ್ದೀರಿ,” ಎಂದರು. ಹೌದು, ಹನ್ನೊಂದು ಚೀಲ! ನನ್ನ ಎದೆ ಟಂಟಂನ ಎಂಜಿನ್ನಿಗಿಂತ ಜೋರಾಗಿ ಹೊಡೆದುಕೊಳ್ಳುತ್ತಿತ್ತು. ಹೆದರಿಕೆ ಇತ್ತು, ಅದಕ್ಕಿಂತ ಹೆಚ್ಚಾಗಿ ಹುರುಪು ಇತ್ತು. ಇವತ್ತು ಒಳಗಿರುವುದು ಪ್ಯಾಂಟಿನ ಬಟ್ಟೆಯಲ್ಲ.

ಕೊಟ್ಟಿಗೆಯ ಬಾಗಿಲಲ್ಲಿ ಆಗಲೇ ಐದಾರು ಹೆಂಗಸರು ಸೇರಿದ್ದರು. ನೀರು ಹೋಗಿ ಮುಕ್ಕಾಲು ತಾಸಾಗಿತ್ತು. ಬಿಜಲಿ ಕೌದಿಯ ಮೇಲೆ ಕಾಲು ಚಾಚಿ ಮಲಗಿ, ತಿಣಕಿ ತಿಣಕಿ ಸೋತು, ನಡುವೆ ಕೂಗುವುದನ್ನೂ ಬಿಟ್ಟಿತ್ತು. ಹಿಂದೆ ಒಂದು ಗೊರಸು, ಅದರ ಮೇಲೆ ಮರಿಯ ಮೂಗಿನ ತುದಿ, ಹೊರಗೆ ಇಣುಕಿದ ನಾಲಿಗೆ. ನಾಲಿಗೆ ದಪ್ಪಗಾಗಿ ಬಣ್ಣ ಕೆಡುತ್ತಿತ್ತು.

“ಎಳೀ, ಎಳೀ! ಕಾಲು ಸಿಕ್ಕದಲ್ಲ!” ಎಂದು ಬಾಗಿಲಿನಿಂದ ಒಬ್ಬಾಕೆ ಕೂಗಿದಳು. ಉಳಿದವರೂ ಅದನ್ನೇ ಅಂದರು.

ನಾನು ಬಳೆ ತೆಗೆದು ಸೊಸೆಯ ಕೈಗಿಟ್ಟೆ. ಮೊಣಕೈವರೆಗೆ ಮೂರು ಸಲ ಸಾಬೂನು ಹಚ್ಚಿ ತೊಳೆದು, ಶೇಂಗಾ ಎಣ್ಣೆ ಸವರಿಕೊಂಡು, ಬೆರಳುಗಳನ್ನು ಕೂಡಿಸಿ ಒಳಗೆ ಹಾಕಿ ಕಣ್ಣು ಮುಚ್ಚಿದೆ. ಬಿಸಿ! ಚೀಲ ಯಾವತ್ತೂ ಬಿಸಿ ಇರಲಿಲ್ಲ. ಮತ್ತೆ ಇಷ್ಟು ಇಕ್ಕಟ್ಟೂ ಇರಲಿಲ್ಲ. ತಿಣಕಿದಾಗೆಲ್ಲ ನನ್ನ ಮುಂಗೈ ಎಲುಬು ನುರಿಯುತ್ತದೇನೋ ಅನ್ನಿಸಿತು. ಮರಿಯ ಬಾಯಿಗೆ ಬೆರಳು ತಾಕಿಸಿದೆ. ಅದು ಸಣ್ಣಗೆ ಚೀಪಿತು. ಜೀವ ಇತ್ತು! ಗೊರಸಿನಿಂದ ಮೇಲೆ ಹೋದೆ: ಒಂದು ಕೀಲು, ಎರಡು ಕೀಲು, ಎರಡೂ ಒಂದೇ ಕಡೆಗೆ. ಮುಂಗಾಲು. ಇನ್ನೊಂದು ಮುಂಗಾಲು ಎಲ್ಲಿ? ಕುತ್ತಿಗೆಯ ಪಕ್ಕದಿಂದ ಹುಡುಕುತ್ತ ಹೋದರೆ ಹೆಗಲು ಸಿಕ್ಕಿತು, ಅಲ್ಲಿಂದ ಕಾಲು ಹಿಂದಕ್ಕೆ ಮಡಚಿಕೊಂಡು ಹೊಟ್ಟೆಯ ಕೆಳಗೆ ಹೋಗಿತ್ತು.

ಸಣ್ಣ ಮರಿಯಾದರೆ, ಹಳೆಯ ಆಡಾದರೆ, ಒಂದು ಕಾಲು ಹಿಂದಿದ್ದರೂ ಎಳೆದು ತೆಗೆಯಬಹುದು. ಇದು ಚೊಚ್ಚಲು, ದಾರಿ ಸಣ್ಣದು, ತಲೆ ದೊಡ್ಡದು. ಎಳೆದರೆ ತಾಯಿ ಹರಿಯುತ್ತದೆ. ಎಳೆಯದೆ ಆ ಕಾಲನ್ನು ಮುಂದಕ್ಕೆ ತರಬೇಕೆಂದರೆ ಮರಿಯನ್ನು ಒಳಕ್ಕೆ ತಳ್ಳಬೇಕು. ಹೊರಗೆ ಬರುತ್ತಿರುವ ಮರಿಯನ್ನು ಒಳಕ್ಕೆ ತಳ್ಳುವುದು! ಬಾಗಿಲಲ್ಲಿ ನಿಂತವರಿಗೆ ಇದನ್ನು ಹೇಗೆ ಹೇಳಲಿ?

ಹೇಳಲಿಲ್ಲ. “ಹಿಂದಿನ ಎರಡೂ ಕಾಲು ಹಿಡ್ದು ಎತ್ತು,” ಎಂದು ಸೊಸೆಗೆ ಹೇಳಿದೆ. ಅವಳು ಒಂದು ಮಾತು ಕೇಳದೆ ಎತ್ತಿದಳು. ಬಿಜಲಿಯ ಸೊಂಟ ಮೇಲಾದಾಗ ಮರಿ ತನ್ನ ಭಾರಕ್ಕೇ ಸ್ವಲ್ಪ ಒಳಗೆ ಸರಿಯಿತು. ತಿಣಕು ನಿಂತ ಕ್ಷಣ ನೋಡಿ ಅಂಗೈಯಿಂದ ಮರಿಯ ಎದೆಯನ್ನು ಹಿಂದಕ್ಕೆ ಒತ್ತಿದೆ.

“ಅಯ್ಯ, ಒಳಗ ತಳ್ಳಾಕತ್ತಾಳ! ಕೊಲ್ತಾಳಿಕಿ!”

“ಬಾಯಿ ಮುಚ್ಚ್ರಿ ಎಲ್ಲಾರೂ,” ಎಂದು ಖಾಲಾ ಗದರಿದ್ದು ಕೇಳಿಸಿತು. ಬಾಗಿಲು ಗಪ್ಪಾಯಿತು.

ಜಾಗ ಸಿಕ್ಕಿತು. ಬೆರಳು ಹೆಗಲಿನಿಂದ ಜಾರಿ ಮೊಣಕಾಲಿಗೆ, ಅಲ್ಲಿಂದ ಗೊರಸಿಗೆ ಹೋಯಿತು. ಗೊರಸಿನ ತುದಿ ತಾಯಿಯ ಗರ್ಭಚೀಲ ಗೀರದಂತೆ ಅದನ್ನು ಅಂಗೈಯಲ್ಲಿ ಮುಚ್ಚಿ ಹಿಡಿದು, ಮಡಚಿ, ಮುಂದಕ್ಕೆ ತಂದೆ. ಎರಡು ಸಲ ಜಾರಿತು, ಮೂರನೆಯ ಸಲ ಬಂತು. ಈಗ ಎರಡು ಗೊರಸು, ನಡುವೆ ಮೂಗು. ಸೊಸೆ ಕಾಲು ಕೆಳಗಿಳಿಸಿದಳು. ಬಿಜಲಿ ತಿಣಕಿದಾಗ ಎಳೆದೆ, ಬಿಟ್ಟಾಗ ಬಿಟ್ಟೆ. ನೇರ ಹಿಂದಕ್ಕಲ್ಲ, ಕೆಳಕ್ಕೆ, ಅದರ ಮೊಣಕಾಲಿನ ಕಡೆಗೆ. ಹಣೆ ಬಂತು, ಹೆಗಲು ಬಂತು, ಆಮೇಲೆ ಎಲ್ಲವೂ ಒಮ್ಮೆಲೇ ನನ್ನ ಮಡಿಲಿಗೆ ಬಂತು.

ಹೋತಮರಿ. ಉಸಿರಾಡುತ್ತಿರಲಿಲ್ಲ. ಮೂಗು ಬಾಯಿಯ ಲೋಳೆ ಹಿಂಡಿ ತೆಗೆದೆ, ಹಿಂಗಾಲು ಹಿಡಿದು ತಲೆಕೆಳಗು ಮಾಡಿದೆ, ಧೋತರದಿಂದ ಪಕ್ಕೆ ತಿಕ್ಕಿದೆ. ಇಲ್ಲ. ಖಾಲಾ ರವದಿಯ ಒಂದು ಕಡ್ಡಿಯನ್ನು ನಡುಗುವ ಕೈಯಲ್ಲೇ ನನ್ನತ್ತ ಚಾಚಿದರು: “ಮೂಗಿನಾಗ ಹಾಕು.” ಹಾಕಿ ತಿರುವಿದೆ. ಮರಿ ಸೀನಿತು! ಸೀನಿ, ತಲೆ ಕೊಡವಿ, ಓಣಿಗೆಲ್ಲ ಕೇಳುವಂತೆ ಕೂಗಿತು. ಬಾಗಿಲಲ್ಲಿ ಇದ್ದವರು ಅದಕ್ಕಿಂತ ಜೋರಾಗಿ ಕೂಗಿದರು. ನಾನು ನಗುತ್ತಿದ್ದೆನೋ ಅಳುತ್ತಿದ್ದೆನೋ ನನಗೇ ತಿಳಿಯದು. ಹೊಕ್ಕಳು ಬಳ್ಳಿಗೆ ದಾರ ಕಟ್ಟಿ, ಕತ್ತರಿಸಿ, ಟಿಂಚರಿನಲ್ಲಿ ಅದ್ದಿ, ಮರಿಯನ್ನು ತಾಯಿಯ ಮೂತಿಯ ಮುಂದೆ ಇಟ್ಟೆ. ಬಿಜಲಿ ಒಂದು ಕ್ಷಣ ಇದೇನು ಎಂಬಂತೆ ನೋಡಿ, ನೆಕ್ಕತೊಡಗಿತು.

ಖಾಲಾ ಬಗ್ಗಿ, ಕೆಚ್ಚಲಿನ ಮುಂದೆ ಹೊಟ್ಟೆಯ ಕೆಳಗೆ ಎರಡೂ ಕೈ ಇಟ್ಟು ಮೆಲ್ಲಗೆ ಎತ್ತಿ ನೋಡಿದರು. “ಇನ್ನೊಂದ್ ಅದ,” ಎಂದರು. ಇಪ್ಪತ್ತು ನಿಮಿಷಕ್ಕೆ ಅದೂ ಬಂತು, ತಾನಾಗಿಯೇ, ಸಲೀಸಾಗಿ. ಹೆಣ್ಣುಮರಿ, ತಾಯಿಯಂತೆಯೇ ಎಡಗಿವಿಯ ತುದಿ ಬಿಳಿ. ಕೊಕ್ಕೆಗೆ ಬಟ್ಟೆ ಕಟ್ಟಿ ತೂಗಿದರೆ ಅಣ್ಣ ಎರಡೂಮುಕ್ಕಾಲು ಕಿಲೋ, ತಂಗಿ ಒಂದೂವರೆ.

ಅಣ್ಣ ಕಾಲು ಗಂಟೆಯಲ್ಲಿ ಎದ್ದು ನಿಂತು, ಬಿದ್ದು, ಮತ್ತೆ ಎದ್ದ. ತಂಗಿ ಏಳಲಿಲ್ಲ. ಬಾಯಿಗೆ ಬೆರಳು ಇಟ್ಟರೆ ಚೀಪಲೂ ಇಲ್ಲ. ಬಾಯಿಯೊಳಗೆ ತಣ್ಣಗಿತ್ತು. ಮರಿಯ ಬಾಯಿ ತಣ್ಣಗಾದರೆ ಹೊತ್ತು ಕಡಿಮೆ ಇದೆ ಎಂದು ಅರ್ಥ. ಮೊದಲು ಕಾವು, ಆಮೇಲೆ ಹಾಲು. ತಣ್ಣಗಿರುವಾಗಲೇ ಕುಡಿಸಿದರೆ ನುಂಗಲಾರದು. ಧೋತರದಲ್ಲಿ ಸುತ್ತಿ, ಬಿಸಿನೀರಿನ ಬಾಟಲಿಗಳನ್ನು ಎರಡೂ ಪಕ್ಕಕ್ಕಿಟ್ಟು, ಸೊಸೆಯ ಮಡಿಲಿಗೆ ಕೊಟ್ಟೆ. ಬಟ್ಟಲು ಹಿಡಿದು ಕೆಚ್ಚಲಿಗೆ ಕೈ ಹಾಕಿದೆ.

ಖಾಲಾ ನನ್ನ ಮಣಿಕಟ್ಟು ಹಿಡಿದರು.

“ಮಾಸ ಬಿದ್ದಿಲ್ಲ ಇನ್ನಾ. ಮಾಸ ಬೀಳೂ ತನಕ ಹಾಲಿಗಿ ಕೈ ಹಚ್ಚಬ್ಯಾಡ.”

ನಮ್ಮ ಕಡೆ ಇದು ಹಳೆಯ ಕಟ್ಟಳೆ. ಆಕಳಿರಲಿ ಆಡಿರಲಿ, ಮಾಸ, ಅಂದರೆ ಹೆರಿಗೆಯ ಸತ್ತೆ, ಹೊರಗೆ ಬಿದ್ದ ಮೇಲೆಯೇ ಮರಿಗೆ ಮೊಲೆ. ಅದಕ್ಕೆ ಮೊದಲು ಕುಡಿಸಿದರೆ ಮಾಸ ಒಳಗೇ ಕೂಡುತ್ತದೆ ಎಂದು ನಂಬಿಕೆ. ಮಾಸ ಬೀಳಲು ಎರಡು ತಾಸೂ ಆದೀತು, ಆರು ತಾಸೂ ಆದೀತು. ಅಣ್ಣ ತಡೆದಾನು, ತಂಗಿ ತಡೆಯಲಾರಳು.

“ಈ ಗಿಣ್ಣದ ಹಾಲು ಈಗ ಹೊಟ್ಟಿಗಿ ಹೋಗ್ಬೇಕ್ರಿ ಖಾಲಾ. ಒಂದು ತಾಸಿನೊಳಗ. ರೋಗ ತಡಿಯೂ ಶಕ್ತಿ ಎಲ್ಲಾ ಇದ್ರಾಗೇ ಅದ.”

“ನಾ ಎಷ್ಟು ಹೆರಿಗಿ ನೋಡೀನಿ ಗೊತ್ತದ ನಿನಗ? ನೀ ಎಷ್ಟು ಮಾಡಿಸೀದಿ? ಹೇಳು ಈಗ, ಹೇಳಿ ಆಮ್ಯಾಲ ನನಗ ಬುದ್ಧಿ ಹೇಳು.”

ಬಾಗಿಲಲ್ಲಿ ಹೆಂಗಸರು ಇದ್ದರು. ಈಗ ತಾನೇ ನನಗಾಗಿ ಕೂಗಿದವರು. ಸೊಸೆ ಮಡಿಲಲ್ಲಿ ಮರಿ ಇಟ್ಟುಕೊಂಡು ನನ್ನನ್ನೂ ಅತ್ತೆಯನ್ನೂ ನೋಡುತ್ತಿದ್ದಳು. ಇನ್ನೊಮ್ಮೆ “ಬಹಳ” ಎನ್ನಬಹುದಿತ್ತು. ಹಾಗೆಂದರೆ ಹಾಲಿನ ಮಾತೂ ಅದೇ ಸುಳ್ಳಿನ ತೂಕಕ್ಕೆ ಬೀಳುತ್ತಿತ್ತು.

“ಒಂದೂ ಇಲ್ರಿ,” ಎಂದೆ. “ಇದೇ ಮೊದಲನೇದು. ಬೀದರದಾಗ ಚೀಲದಾಗಿನ ಬಟ್ಟಿ ಮರಿ ತಗದೀನಿ, ಅಷ್ಟೇ. ನಿಮಗ ಸುಳ್ಳ ಹೇಳೀನಿ. ಆದ್ರ ಹಾಲಿಂದು ಸುಳ್ಳಲ್ರಿ ಖಾಲಾ. ಮರಿ ಮೊಲಿ ಜಗ್ಗಿದ್ರ ಮಾಸ ಲಗೂನ ಬೀಳ್ತದ, ಒಳಗ ಕೂಡಂಗಿಲ್ಲ. ನನ್ನ ಮಾತು ಸುಳ್ಳಾತಂದ್ರ ಇವತ್ತಿಂದ ನಾ ಯಾರ ಕೊಟ್ಟಿಗಿಗೂ ಬರಂಗಿಲ್ಲ.”

ಖಾಲಾ ನನ್ನ ಮುಖವನ್ನು ನೋಡಿದರು, ಸೊಸೆಯ ಮಡಿಲನ್ನು ನೋಡಿದರು. ಆಮೇಲೆ ನನ್ನ ಮಣಿಕಟ್ಟು ಬಿಟ್ಟರು.

“ಕುಡಸು.”

ಮೊಲೆಯ ತುದಿ ಕಟ್ಟಿದ್ದನ್ನು ಬಿಡಿಸಲು ಮೊದಲ ಎರಡು ಧಾರೆ ನೆಲಕ್ಕೆ ಬಿಟ್ಟೆ. ಮೂರನೆಯದು ಬಟ್ಟಲಿಗೆ ಬಂತು, ಹಳದಿ, ಗಟ್ಟಿ, ಬೆರಳಿಗೆ ಅಂಟುವಷ್ಟು. ಅಷ್ಟರಲ್ಲಿ ತಂಗಿಯ ಬಾಯಿ ಬೆಚ್ಚಗಾಗಿತ್ತು. ಸಿರಿಂಜಿನಿಂದ ನಾಲಿಗೆಯ ಮೇಲೆ ನಾಲ್ಕು ಹನಿ, ಗಂಟಲು ಸವರಿದೆ, ನುಂಗಿತು. ಮತ್ತೆ ನಾಲ್ಕು. ಅರ್ಧ ಬಟ್ಟಲಿಗೆ ಬಂದಾಗ ನನ್ನ ಬೆರಳನ್ನು ಚೀಪಿತು. ಸೊಸೆ “ಅಮ್ಮೀ!” ಎಂದು ಕೂಗಿದಳು. ಅತ್ತೆಯನ್ನು ಕರೆದಳೋ ಭಾಲ್ಕಿಯ ತಾಯಿಯನ್ನು ಕರೆದಳೋ ಗೊತ್ತಾಗಲಿಲ್ಲ. ಅಣ್ಣನ ಬಾಯಿಗೆ ಮೊಲೆ ಹಿಡಿದುಕೊಟ್ಟೆ, ಅವನು ಬಾಲ ಅಲ್ಲಾಡಿಸುತ್ತ ಎಳೆದ. ಬಿಜಲಿಗೆ ಬೆಲ್ಲದ ಬಿಸಿನೀರು, ಆಮೇಲೆ ಜೋಳದ ಅಂಬಲಿ. ಹೋಳಿಗೆಯ ಹೆಸರು ಯಾರೂ ಎತ್ತಲಿಲ್ಲ.

ಡಾಕ್ಟರು ಬೈಕಿನಿಂದ ಇಳಿಯುವ ಹೊತ್ತಿಗೆ ಮಾಸ ಬಿದ್ದು, ಅದನ್ನು ಹಿತ್ತಲಲ್ಲಿ ಹೂತೂ ಆಗಿತ್ತು. ಹಾಲು ಕುಡಿಸಿ ಒಂದೂವರೆ ತಾಸು. ಅವರು ಎಲ್ಲ ಪರೀಕ್ಷಿಸಿ, ಒಂದು ಸೂಜಿ ಹಾಕಿ, “ಛಲೋ ಮಾಡೀರಿ. ರೂಢಿ ಇದ್ದವ್ರ ಕೈ ಗೊತ್ತಾಗ್ತದ,” ಎಂದರು. ಬಾಗಿಲಲ್ಲಿ ಒಬ್ಬಾಕೆ ಸೆರಗಿನಿಂದ ಬಾಯಿ ಮುಚ್ಚಿಕೊಂಡಳು. ನಾನು ಬಕೆಟ್ಟಿನಲ್ಲಿ ಕೈ ತೊಳೆಯುತ್ತಲೇ ಇದ್ದೆ.

ಎಲ್ಲರೂ ಹೋದ ಮೇಲೆ ಸೊಸೆ ಚಹಾ ತಂದಳು. ಖಾಲಾ ಬಟ್ಟಲನ್ನು ಎರಡೂ ಕೈಯಲ್ಲಿ ಹಿಡಿದು ನನ್ನ ಪಕ್ಕದಲ್ಲೇ ರವದಿಯ ಮೇಲೆ ಕುಳಿತರು. ನಾನು ನೆಲ ನೋಡುತ್ತ “ಸುಳ್ಳ ಹೇಳಿದ್ದಕ್ಕ ಮಾಫ್ ಮಾಡ್ರಿ ಖಾಲಾ,” ಎಂದೆ.

“ನನಗ ಗೊತ್ತಿತ್ತು.”

“ಹ್ಯಾಂಗ್ರಿ?”

“‘ಬಹಳ’ ಅಂದಾಗ ನೀ ತಲಿ ಎತ್ತಲಿಲ್ಲ.” ಒಂದು ಗುಟುಕು ಕುಡಿದರು. “ನಿಮ್ಮವ್ವನೂ ನನಗ ಕೇಳಿದ್ದಳು, ಎಷ್ಟು ಹೆರಿಗಿ ಮಾಡಿಸೀದಿ ಅಂತ. ಆಗ ದಾಯಿ ನಮ್ಮ ಅತ್ತಿ, ಅಕಿ ಔರಾದಿಗಿ ಹೋಗಿದ್ಲು, ದಾಯಿ ಅಂತ ಬ್ಯಾರೆ ಯಾರೂ ಇದ್ದಿಲ್ಲ. ನಾನೂ ತಲಿ ಎತ್ತದೇನೇ ಬಹಳ ಅಂದೆ.”

ನಾನು ಅವರ ಮುಖ ನೋಡಿದೆ.

“ಮೊದಲನೇದು ನೀನೇ.”

ಅಣ್ಣಮರಿ ಮತ್ತೆ ಕುಡಿದು ತಾಯಿಯ ಪಕ್ಕ ಬಿದ್ದುಕೊಂಡಿತ್ತು. ತಂಗಿ ನನ್ನ ಮಡಿಲಲ್ಲಿ ಇತ್ತು, ಮೈ ಬೆಚ್ಚಗೆ. ಖಾಲಾ ಸೊಟ್ಟ ಬೆರಳಿನಿಂದ ಅದರ ಬಿಳಿ ಕಿವಿಯನ್ನು ಮುಟ್ಟಿದರು.

“ನಿನಗೂ ಆ ಹಾಲು ಕುಡಸ್ಲಿಲ್ಲ ನಾವು. ಮೂರು ದಿನ ಹಿಂಡಿ ಚೆಲ್ಲಿದ್ವಿ, ಜೇನು ನೆಕ್ಕಿಸಿದ್ವಿ. ಹಂಗೇ ಮಾಡ್ಬೇಕು ಅಂತ ಹೇಳಿದ್ರು, ಮಾಡ್ದೆ. ನೀ ಬಹಳ ಅತ್ತಿದ್ದಿ ಬೇಟಿ. ಯಾಕ ಅಂತ ನನಗ ತಿಳೀಲೇ ಇಲ್ಲ.”

ಖಾಲಾ ಚಹಾದ ಬಟ್ಟಲನ್ನು ಕೆಳಗಿಟ್ಟು, ಗಿಣ್ಣದ ಹಾಲಿನ ಬಟ್ಟಲನ್ನು ಎರಡೂ ಕೈಯಲ್ಲಿ ಎತ್ತಿ, ಒಂದು ಹನಿಯೂ ಚೆಲ್ಲದಂತೆ ನನ್ನ ಮುಂದೆ ಹಿಡಿದರು.

“ತಗೋ. ಇದಕ್ಕ ಇನ್ನೊಮ್ಮಿ ಕುಡಸು.”